ಏಳು ಒಂದುಗಳು

ಗಾವಡಗೆರೆ ಶಾಲೆಯ ನಿಂಗಯ್ಯ ಮೇಷ್ಟರಿಗೆ, ಲೆಕ್ಕದಲ್ಲಿ ತಮ್ಮನ್ನು ಮೀರಿಸುವವರು ಹುಣಸೂರು ತಾಲ್ಲೂಕಿನಲ್ಲೇ ಇಲ್ಲವೆಂಬ ಜಂಬ. ೧೯೨೪ರ ಮಾತು. ಹದಿಮೂರರ ಮಗಳು ಪುಟ್ಟತಾಯಿ ಮೈಸೂರಿಗೆ ಹೋಗಿ ಓದುತ್ತೇನೆಂದು ಹಟ ಹಿಡಿದಳು. ಮುದ್ದಿನ ಮಗಳು, ಇಲ್ಲವೆನ್ನಲು ಬಾಯಿ ಬರಲಿಲ್ಲ. ಸ್ಲೇಟಿನ ಮೇಲೆ ಸಾಲಾಗಿ ಏಳು ಒಂದು ಬರೆದುಕೊಟ್ಟರು: ೧೧,೧೧,೧೧೧.

"ಇದನ್ನ ಶೇಷ ಉಳೀದಂಗೆ ಭಾಗ್ಸೋ ಸಂಖ್ಯೆ ಹುಡುಕು. ಒಂದು ಬ್ಯಾಡ, ಅದೇ ಸಂಖ್ಯೇನೂ ಬ್ಯಾಡ. ಸಿಕ್ಕುದ್ರೆ ಮೈಸೂರಿಗೆ ಕಳಿಸ್ತೀನಿ."

ಸಿಕ್ಕುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಗೊತ್ತಿತ್ತು ಅಂದರೆ, ಹಿಂದೊಮ್ಮೆ ನೂರರವರೆಗೆ ಭಾಗಿಸಿ ನೋಡಿ, ಬೇಸತ್ತು, ಇದು ಯಾರಿಗೂ ಬಗ್ಗದ ಸಂಖ್ಯೆಯೆಂದು ತಾವೇ ತೀರ್ಪು ಕೊಟ್ಟುಬಿಟ್ಟಿದ್ದರು. ಹುಡುಗಿ ಏಳು, ಹನ್ನೊಂದು, ಹದಿಮೂರು ಎಂದು ಒಂದೊಂದನ್ನೇ ಹಿಡಿದಳು. ರಾಗಿ ಬೀಸುವಾಗಲೂ ತುಟಿ ಅಲ್ಲಾಡುತ್ತಿತ್ತು. ಒಂಬತ್ತನೇ ದಿನ ಓಡಿಬಂದಳು.

"ಇನ್ನೂರ ಮೂವತ್ತೊಂಬತ್ತಕ್ಕೆ ಓಯ್ತದೆ ಕಣಪ್ಪಾ! ಏನೂ ಉಳಿಯಾಕಿಲ್ಲ!"

ಮೇಷ್ಟರು ಅವಳೆದುರೇ ಭಾಗಿಸಿದರು. ಕೊನೆಯಲ್ಲಿ ನಲವತ್ನಾಲ್ಕು ಉಳಿಯಿತು.

"ಇನ್ನೊಂದ್ಸಲ ನೋಡಪ್ಪ."

"ನಾನು ಮಾಡಿದ್ ಲೆಕ್ಕಾನ ಇನ್ನೊಂದ್ಸಲ ನೋಡಾದಾ?" ನಕ್ಕು ಸ್ಲೇಟು ಒರೆಸಿಬಿಟ್ಟರು. ಮುಂದಿನ ಬೇಸಿಗೆಯಲ್ಲಿ ಅವಳನ್ನು ಬೆಟ್ಟದಪುರಕ್ಕೆ ಮದುವೆ ಮಾಡಿಕೊಟ್ಟರು.

ಹದಿನಾಲ್ಕು ವರ್ಷ ಕಳೆಯಿತು. ಕೆಲಸದಿಂದ ನಿವೃತ್ತರಾದ ಮೇಷ್ಟರು ಹೊತ್ತು ಹೋಗದೆ ಅದೇ ಸಂಖ್ಯೆ ಹಿಡಿದು ಕೂತರು. ನೂರು ದಾಟಿತು, ಇನ್ನೂರು ದಾಟಿತು. ಇನ್ನೂರ ಮೂವತ್ತೊಂಬತ್ತಕ್ಕೆ ಬಂದಾಗ ಶೇಷ ಸೊನ್ನೆ. ಭಾಗಲಬ್ಧ ೪೬೪೯. ಮೂರು ಸಲ ಮಾಡಿದರು, ಮೂರು ಸಲವೂ ಸೊನ್ನೆಯೇ. ಹಾಗಾದರೆ ಅಂದಿನ ನಲವತ್ನಾಲ್ಕು ಎಲ್ಲಿಂದ ಬಂತೆಂದು ಹುಡುಕಿದರು. ಆರೊಂಬತ್ಲಿ ಐವತ್ನಾಲ್ಕಕ್ಕೆ ಕೈಲಿ ಐದು ಹಿಡಿಯುವ ಬದಲು ನಾಲ್ಕು ಹಿಡಿದಿದ್ದರು. ಅಷ್ಟೇ. ಅಷ್ಟಕ್ಕೇ ಮಗಳ ಓದು ಹೋಗಿತ್ತು. ಮುದುಕ ಒಬ್ಬನೇ ಕೂತು ಅತ್ತ.

ಮರುದಿನವೇ ಬೆಟ್ಟದಪುರಕ್ಕೆ ಹೊರಟರು. ಮಗಳು ಬೈದರೆ ಬೈಯಲಿ, ಅವಳ ಲೆಕ್ಕ ಸರಿಯಿತ್ತೆಂಬ ಮಾತನ್ನು ಅವಳಿಗೆ ಒಪ್ಪಿಸಬೇಕಿತ್ತು.

ಪುಟ್ಟತಾಯಿ ಜಗಲಿಯಲ್ಲಿ ಹೊಗೆಸೊಪ್ಪಿನ ಎಲೆಗಳನ್ನು ಇಪ್ಪತ್ತಿಪ್ಪತ್ತರಂತೆ ಕಟ್ಟುತ್ತಿದ್ದಳು. ಒಂದೊಂದು ಕಟ್ಟನ್ನೂ ಅತ್ತೆ ಚೆಲುವಮ್ಮನ ಮುಂದಿಟ್ಟು, ಆಕೆ ಎಣಿಸಿ ಸರಿಯೆಂದ ಮೇಲೇ ಪಕ್ಕಕ್ಕಿಡುತ್ತಿದ್ದಳು.

"ಎಲ್ಲಾದ್ರಲ್ಲೂ ಚುರುಕು. ಎಣಿಕೆ ಒಂದ್ ಮಾತ್ರ, ತಾನು ಎಣಿಸಿದ್ದನ್ನ ತಾನೇ ನಂಬಾಕಿಲ್ಲ ನಿಮ್ ಮಗ್ಳು" ಎಂದು ಚೆಲುವಮ್ಮ ನಕ್ಕಳು.

ಮೇಷ್ಟರು ಇದ್ದಿಲು ತೆಗೆದುಕೊಂಡು ನೆಲದ ಮೇಲೆ ಭಾಗಾಕಾರವನ್ನು ಪೂರ್ತಿ ಬರೆದರು. "ನಿಂದೇ ಸರಿ ಕಣವ್ವಾ. ತಪ್ಪು ನಂದು."

ಪುಟ್ಟತಾಯಿ ಕೊನೆಯ ಸೊನ್ನೆಯನ್ನು ಬಹಳ ಹೊತ್ತು ನೋಡಿದಳು. ಬೈಯಲಿಲ್ಲ. ಮೆಲ್ಲಗೆ ಕೇಳಿದಳು: "ಇದ್ನ ಬ್ಯಾರೆ ಯಾರ್ಗಾರ ತೋರ್ಸಿದ್ಯಾ ಅಪ್ಪಾ? ಸರಿ ಅಂದ್ರಾ?"

"ಬ್ಯಾರೇರು ಯಾಕವ್ವಾ? ನೀನೇ ಮಾಡಿ ನೋಡು" ಎಂದು ಇದ್ದಿಲನ್ನು ಅವಳತ್ತ ಚಾಚಿದರು.

ಅವಳು ಎರಡೂ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

"ಬ್ಯಾಡ ಬುಡಪ್ಪ. ನಾ ಮಾಡುದ್ರೆ ತಪ್ಪೋಯ್ತದೆ."