ಬೆಂಕಿಗೆ ಹಾಕುವ ಮುನ್ನ ಒಂದು ಫೋಟೊ

ಪ್ರತಿ ಜನವರಿ ಹದಿನೈದಕ್ಕೆ ನಮ್ಮೂರ ಹೊಳೆದಂಡೆಯಲ್ಲಿ ದೊಡ್ಡ ಬೆಂಕಿ ಹಾಕುತ್ತೇವೆ. ಮಕ್ಕಳು ಕುಂಚದಲ್ಲಿ ಬರೆದ ಹಾಳೆಗಳನ್ನೆಲ್ಲ ಅದಕ್ಕೆ ಹಾಕುವುದು ರೂಢಿ. ಉರಿಯುವ ಹಾಳೆ ಮೇಲೆ ಹಾರಿದಷ್ಟೂ ಅಕ್ಷರ ದುಂಡಗಾಗುತ್ತದಂತೆ. ಆಹಾ, ನನ್ನ ಮಗಳು ಯಾಸುನೊ ಕತ್ತೆತ್ತಿ ನೋಡುತ್ತಾ ಕುಣಿಯುತ್ತಿದ್ದಳು! ಅವಳು ತೀರಿಕೊಂಡು ಐದು ವರ್ಷವಾಯಿತು. ಈಗ ಅವಳ ಮಗಳು ಚಿಗುಸಾ ನಮ್ಮ ಜೊತೆಗಿದ್ದಾಳೆ, ಏಳನೇ ತರಗತಿ.

ಈ ಸಲ ಬೆಂಕಿಯ ಹಿಂದಿನ ದಿನ ಚಿಗುಸಾ ಮುಖ ಊದಿಸಿಕೊಂಡು ಬಂದಳು. ಶಾಲೆಯ ಪ್ರದರ್ಶನಕ್ಕೆ ಅವಳ ಬರಹ ಆಯ್ಕೆಯಾಗಿರಲಿಲ್ಲ.

"ಇನ್ನು ಕುಂಚ ಮುಟ್ಟಲ್ಲ ಅಜ್ಜಿ. ಏಪ್ರಿಲ್‌ನಿಂದ ಬರೆದ್ರೂ ಅಷ್ಟೇ. ನಂಗೆ ಬರಲ್ಲ."

ಸಂಜೆ ಅವಳ ಟೀಚರ್ ಮಿನೇಗಿಶಿ ಬಂದು ಟ್ಯಾಬ್ಲೆಟ್ ತೆರೆದರು. "ಇದು ಇವಳ ಇ-ಪೋರ್ಟ್‌ಫೋಲಿಯೊ. ತಿಂಗಳು ತಿಂಗಳು ಮಾಡಿದ್ದನ್ನ ಫೋಟೊ ಹಿಡಿದು ಇದರಲ್ಲಿ ಕೂಡಿಡಬೇಕು. ಇವಳು ಒಂದೇ ಒಂದು ಹಾಕಿದಾಳೆ ನೋಡಿ."

"ಚೆನ್ನಾಗಿರೋದು ಅದೊಂದೇ," ಎಂದರು ನಮ್ಮ ಯಜಮಾನರು. ಬಾಗಿಲ ಬಳಿ ವರ್ಷವಿಡೀ ಕೂಡಿಟ್ಟ ಅವಳ ಹಾಳೆಗಳ ಕಟ್ಟು ತೋರಿಸಿದರು. "ಮಿಕ್ಕಿದ್ದೆಲ್ಲ ನಾಳೆ ಬೆಂಕಿಗೆ. ಸೊಟ್ಟ ಅಕ್ಷರಾನ ಯಾರಾದ್ರೂ ಮೆರೆಸ್ತಾರಾ?"

"ಮೆರೆಸೋಕಲ್ಲ ತಾತ, ಅವಳಿಗೇ ತೋರ್ಸೋಕೆ. ಬಿಚ್ಚಲಾ?"

ಟೀಚರ್ ಕಟ್ಟು ಬಿಚ್ಚಿ ಹಾಳೆಗಳನ್ನು ತಿಂಗಳಿಗೊಂದರಂತೆ ಚಾಪೆಯ ಮೇಲೆ ಹರಡಿದರು. ಎಲ್ಲದರಲ್ಲೂ ಒಂದೇ ಅಕ್ಷರ, 'ಹೊಳೆ'; ನಮ್ಮ ಲಿಪಿಯಲ್ಲಿ ಆ ಇಡೀ ಪದಕ್ಕೆ ಒಂದೇ ಅಕ್ಷರ. ಮೂರೇ ಗೆರೆ. ಏಪ್ರಿಲ್‌ನ ಗೆರೆಗಳು ಕುಡಿದವರ ಹಾಗೆ ಒಂದರ ಮೇಲೊಂದು ವಾಲಿದ್ದವು.

"ಅಯ್ಯಯ್ಯೋ, ಇದು ನಾನು ಬರೆದಿದ್ದಾ?" ಚಿಗುಸಾ ನಕ್ಕೇಬಿಟ್ಟಳು. ಗೆರೆಗಳು ಎಷ್ಟೋ ನೆಟ್ಟಗಾಗಿದ್ದ ಡಿಸೆಂಬರಿನ ಹಾಳೆಯನ್ನು ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದಳು. "ಅಜ್ಜಿ, ನನ್ನ ವಯಸ್ಸಲ್ಲಿ ಅಮ್ಮ ಹೇಗೆ ಬರೀತಿದ್ಲು? ತೋರ್ಸು."

ಏನು ತೋರಿಸಲಿ? ಒಂದು ಚೂರೂ ಉಳಿದಿಲ್ಲ. ನನಗೆ ಕಣ್ಣು ತುಂಬಿತು.

"ಎಲ್ಲಾ ನಾನೇ ಸುಟ್ಟೆ ಪುಟ್ಟಿ. ಚೆನ್ನಾಗಿಲ್ಲ ಅಂತ ಸುಟ್ಟೆ," ಎಂದರು ಯಜಮಾನರು. ಆಮೇಲೆ ಟೀಚರ್ ಕಡೆ ತಿರುಗಿದರು. "ಅದೇನೋ ಫೋಟೊ ಅಂದ್ರಲ್ಲ, ಹೇಗಮ್ಮಾ ಅದು?"

"ತಾರೀಖು ಹಾಕ್ಬೇಕು. ಎಲ್ಲಿ ಕಷ್ಟ ಆಯ್ತು, ಏನು ಕಲಿತೆ ಅಂತ ಅವಳೇ ಎರಡು ಸಾಲು ಬರೀಬೇಕು. ನೀವು ಹೇಳಿಕೊಡೋ ಹಾಗಿಲ್ಲ, ತಾತ!"

ಮರುದಿನ ಬೆಂಕಿಯ ಮುಂದೆ ಯಜಮಾನರು ಕಟ್ಟನ್ನು ಕೈಬಿಡಲೇ ಒಲ್ಲರು. "ಎಲ್ಲಾ ಬಂತಾ ಅದರಲ್ಲಿ? ಏಪ್ರಿಲ್‌ದೂ?" ಎಂದು ಮೂರು ಸಲ ಕೇಳಿದರು.

"ಬಂತು ತಾತಾ, ಕೊಡಿಲ್ಲಿ!" ಚಿಗುಸಾ ಕಿತ್ತುಕೊಂಡು ತಾನೇ ಹಾಕಿದಳು. ಹಾಳೆಗಳು ಹಾರಿದವು. ಅವಳು ಕತ್ತೆತ್ತಿ ಕುಣಿದಳು, ಥೇಟ್ ಅವಳಮ್ಮನ ಹಾಗೆ. ಮನೆಗೆ ಬಂದವಳೇ ಕುಂಚ ತೆಗೆದಿಟ್ಟುಕೊಂಡು, ಶಾಯಿಗಟ್ಟಿಯನ್ನು ಕಲ್ಲಿನ ಮೇಲೆ ಅರೆಯಲು ಕೂತಳು.

ಅಪ್ಪ ಅಮ್ಮಂದಿರೇ, ಅಜ್ಜಿ ತಾತಂದಿರೇ, ನಿಮ್ಮ ಮಗುವಿನ ಸೊಟ್ಟ ಗೆರೆ, ತಪ್ಪಿದ ಲೆಕ್ಕ, ಅರ್ಧಕ್ಕೆ ಬಿಟ್ಟ ಚಿತ್ರ, ಎಲ್ಲವೂ ಅದರ ಪೋರ್ಟ್‌ಫೋಲಿಯೊ ಸೇರಲಿ. ಸುಡುವುದಿದ್ದರೆ ಆಮೇಲೆ ಸುಡಿ. ನನ್ನ ಯಾಸುನೊಳ ಒಂದೇ ಒಂದು ಸೊಟ್ಟ ಅಕ್ಷರ ಉಳಿದಿದ್ದರೆ ಇವತ್ತು ನಾನದನ್ನು ಗೋಡೆಗೆ ಹಾಕುತ್ತಿದ್ದೆ.