ರಾಗಿ ದಿಂಬಿನ ತೂಕ

ವೈದ್ಯವನ್ನು ತಿಳಿಯದ ನಾನು ಒಬ್ಬ ರೋಗಿಯ ಸಂಗತಿ ಬರೆಯಲು ಹೊರಟಿದ್ದೇನೆ. ಓದುವವರು ಕ್ಷಮಿಸಬೇಕು. ರಾತ್ರಿ ಶಾಲೆಯಲ್ಲಿ ಕಲಿತ ನಾಲ್ಕಕ್ಷರದಿಂದ ಅರಕಲಗೂಡಿನ ಹೊಗೆಸೊಪ್ಪಿನ ಮಂಡಿಯಲ್ಲಿ ತೂಕ ಬರೆಯುವ ರೈಟರ್ ಕೆಲಸ ಸಿಕ್ಕಿತ್ತು. ತಪ್ಪು ನನ್ನದಾದ್ದರಿಂದ ಹೇಳಬೇಕಾದವನೂ ನಾನೇ ಎಂದುಕೊಂಡಿದ್ದೇನೆ.

ಐವತ್ತೆಂಟನೇ ಇಸವಿ. ಮಲ್ಲಿಪಟ್ಟಣದ ಕಡೆಯ ಚಲುವಯ್ಯ ಸೊಪ್ಪು ಒಣಗಿಸುವ ಮನೆಯ ಮೇಲಿನ ಗಳದಿಂದ ಬಿದ್ದು ಬೆನ್ನು ಮುರಿದುಕೊಂಡಿದ್ದ. ವಯಸ್ಸು ಇಪ್ಪತ್ತಾರು. ಸೊಂಟದಿಂದ ಕೆಳಗೆ ಅರಿವಿರಲಿಲ್ಲ. ಬಡಗಿ ಮಾಡಿಕೊಟ್ಟ ಗಾಲಿ ಕುರ್ಚಿಯಲ್ಲಿ ಅವನು, ಎತ್ತಿ ಇಳಿಸಲು ತಾಯಿ ಮುದ್ದಮ್ಮ. ತಿಂಗಳಿಗೊಮ್ಮೆ ತೂಕ ನೋಡಿಸಬೇಕು, ನೂರು ರಾತಲಿಗಿಂತ, ಅಂದರೆ ಪೌಂಡಿಗಿಂತ, ಇಳಿದರೆ ತಡಮಾಡದೆ ಕರೆತರಬೇಕು ಎಂದು ಅರಕಲಗೂಡಿನ ಆಸ್ಪತ್ರೆಯ ಡಾಕ್ಟರು ಹೇಳಿದ್ದರು. ಆದರೆ ಆಸ್ಪತ್ರೆಯ ತಕ್ಕಡಿ ನಿಲ್ಲಬಲ್ಲವರಿಗೆ ಮಾತ್ರ. ಮೂಟೆ ತೂಗುವ ನಮ್ಮ ತಕ್ಕಡಿಗೆ ಕುರ್ಚಿ ಸಮೇತ ಹತ್ತಿಸಬಹುದಿತ್ತು. ನನ್ನ ಚೀಟಿಯನ್ನು ಆಸ್ಪತ್ರೆಗೆ ತೋರಿಸಿ ಅವರು ಗಾಡಿಯಲ್ಲಿ ಊರಿಗೆ ಹೋಗುತ್ತಿದ್ದರು.

ಮೊದಲ ದಿನ ಅವನನ್ನು ಮೂಟೆಯ ಮೇಲೆ ಕೂರಿಸಿ ಬರೀ ಕುರ್ಚಿ ತೂಗಿದೆ. ನಲವತ್ತೆರಡು ರಾತಲು. ಅವನು ಕೂತ ಮೇಲೆ ನೂರ ಐವತ್ತು. ಕಳೆದರೆ ನೂರ ಎಂಟು.

“ನಂದ್ಯಾವ ನಂಬರ್ ಸೊಪ್ಪು ರೈಟ್ರೇ?” ಎಂದ ಚಲುವಯ್ಯ, ಮಂಡಿಯಲ್ಲಿ ಸೊಪ್ಪಿನ ದರ್ಜೆಗೆ ನಂಬರ್ ಹಾಕುವುದನ್ನು ಕಂಡು.

“ನೀನು ಬರೀ ಕಡ್ಡಿ ಕಣ್ಲಾ, ಸೊಪ್ಪೆಲ್ಲೈತೆ,” ಎಂದರು ಮುದ್ದಮ್ಮ.

ಮಂಡಿಯಲ್ಲಿ ಒಂದು ಪದ್ಧತಿ. ಗೋಣಿಚೀಲದ ತೂಕವನ್ನು ಹಂಗಾಮಿನ ಶುರುವಿನಲ್ಲಿ ಒಮ್ಮೆ ಹಿಡಿದರೆ ಕೊನೆಯವರೆಗೂ ಅದನ್ನೇ ಕಳೆಯುವುದು. ಕುರ್ಚಿಗೂ ನಾನು ಹಾಗೆಯೇ ಮಾಡಿದೆ. ಪ್ರತಿ ತಿಂಗಳೂ ನಲವತ್ತೆರಡು ಕಳೆದೆ. ನೂರ ಎಂಟು, ನೂರ ಏಳು, ಮತ್ತೆ ನೂರ ಎಂಟು.

“ಸೊರಗ್ದಂಗೆ ಕಾಣ್ತಾನಲ್ಲ ರೈಟ್ರೇ,” ಎಂದರು ಮುದ್ದಮ್ಮ ಐದನೇ ತಿಂಗಳು.

ಅವನ ಕೆನ್ನೆ ಗುಳಿಬಿದ್ದಿದ್ದು ನನಗೂ ಕಂಡಿತ್ತು. ಆದರೂ, “ತಕ್ಕಡಿ ಸುಳ್ಳೇಳಾಕಿಲ್ಲ ಕಣವ್ವ,” ಎಂದೆ.

“ಬರ್ಕೊಟ್ಟವ್ರಲ್ಲ, ಸುಮ್ಕಿರವ್ವ,” ಎಂದ ಮಗ.

ಆರನೇ ತಿಂಗಳು ಕುರ್ಚಿ ಹತ್ತಿಸುವಾಗ ಅವನ ಕೆಳಗಿನ ದಿಂಬಿನ ಹೊಲಿಗೆ ಬಿಚ್ಚಿ ರಾಗಿ ಸುರಿಯಿತು. ಹಸುಗೂಸಿನ ತಲೆಗೆ ಇಡುತ್ತಾರಲ್ಲ, ಅಂಥದೇ ರಾಗಿ ದಿಂಬು, ಮೂಟೆಯಷ್ಟು ದಪ್ಪ. ಮೊದಲ ದಿನ ಅದಿರಲಿಲ್ಲ; ಆಮೇಲೆ ಅವನ ಪಂಚೆಯಡಿ ಮುಚ್ಚಿಹೋಗಿ ನನ್ನ ಗಮನಕ್ಕೆ ಬಂದಿರಲಿಲ್ಲ.

“ಮೂಳೆ ಎದ್ದು ಕಾಣ್ತಿದ್ವು. ಮೆತ್ಗಿರ್ಲಿ ಅಂತ ತಿಂಗ್ಳಿಗೆ ಮೂರು ಸೇರು ತುಂಬ್ಕೊಂಡು ಬಂದೆ,” ಎಂದರು ಮುದ್ದಮ್ಮ, ನೆಲದ ರಾಗಿ ಬಳಿಯುತ್ತ.

ರಾಗಿಯನ್ನೆಲ್ಲ ತುಂಬಿಸಿ ದಿಂಬನ್ನು ಬೇರೆಯಾಗಿ ತೂಗಿದೆ. ಇಪ್ಪತ್ತೊಂಬತ್ತು. ಎಲ್ಲ ಸೇರಿ ಅಂದೂ ನೂರ ಐವತ್ತೇ; ಕುರ್ಚಿಯನ್ನೂ ದಿಂಬನ್ನೂ ಕಳೆದರೆ ಅವನು ಉಳಿದದ್ದು ಎಪ್ಪತ್ತೊಂಬತ್ತು.

“ಅಂಗಾರೆ ಇಷ್ಟ್ ದಿನ ರಾಗಿ ತೂಗಿದ್ರಿ ಅನ್ನಿ,” ಎಂದು ಚಲುವಯ್ಯ ನಕ್ಕ.

ಅಂದೇ ಆಸ್ಪತ್ರೆಗೆ ಒಯ್ದೆವು. ಕೂತೂ ಕೂತೂ ಬೆನ್ನಿನ ಬುಡದಲ್ಲಿ ಆಗಿದ್ದ, ಅವನಿಗೆ ಅರಿವಾಗದ ಹುಣ್ಣು ಮೂಳೆ ಮುಟ್ಟಿತ್ತು. ಡಾಕ್ಟರು ನನ್ನ ಚೀಟಿಗಳನ್ನು ಒಂದೊಂದಾಗಿ ನೋಡಿದರು, ಬೈಯಲಿಲ್ಲ. ಹಾಸನಕ್ಕೆ ಕಳಿಸಿದರು. ಹನ್ನೊಂದನೇ ದಿನ ಅವನು ಅಲ್ಲೇ ತೀರಿಕೊಂಡ.

ಆಮೇಲೆ ಒಮ್ಮೆ ಡಾಕ್ಟರನ್ನು ಕೇಳಿದೆ: ಅವನು ಎಷ್ಟು ತೂಗಬೇಕಿತ್ತು? ಅವರ ಪುಸ್ತಕದಲ್ಲಿ ಎತ್ತರಕ್ಕೆ ತಕ್ಕ ತೂಕದ ಪಟ್ಟಿಯಿತ್ತು. ಅದು ನಿಲ್ಲುವವರದು, ಕಾಲು ಬತ್ತಿದವರದಲ್ಲ. ನೂರು ಎಂದದ್ದು ತಮ್ಮ ಅಂದಾಜು ಎಂದರು.

ಎರಡು ತಿಂಗಳು ಮುಂಚೆ ದಿಂಬು ತೆಗೆದು ತೂಗಿದ್ದರೆ ಅವನು ಉಳಿಯುತ್ತಿದ್ದನೇ? ನನಗೆ ಗೊತ್ತಿಲ್ಲ.