ಬೊಗಳೆರಾಷ್ಟ್ರದ ಮೆಂಬರಮ್ಮ

ಅರವತ್ತಮೂರನೇ ಇಸವಿ. ಚಿಂತಾಮಣಿ ಕಡೆಯ ಮೇಷ್ಟ್ರುಗಳೆಲ್ಲ ಸೇರಿ ‘ಬೊಗಳೆರಾಷ್ಟ್ರದ ಮಹಾಸಭೆ’ ಅಂತ ಒಂದು ನಗೆನಾಟಕ ಕಟ್ಟಿದ್ದರು. ವಾರಕ್ಕೊಂದು ಕಂತು, ವಾರಕ್ಕೊಂದು ಊರು. ಬರೆದವರೂ ಕೋನಪ್ಪ ಮೇಷ್ಟ್ರೇ, ಸಭಾಧ್ಯಕ್ಷರ ಪಾತ್ರವೂ ಅವರದೇ. ಇಡೀ ದೇಶದ ಪ್ರತಿನಿಧಿಗಳು ಕೂತು, ಅಧ್ಯಕ್ಷರ ಕುರ್ಚಿಗೆ ದಿಂಬು ಬೇಕೋ ಬೇಡವೋ ಅಂತ ವಾರಗಟ್ಟಲೆ ಕಿತ್ತಾಡುವ ಕಥೆ.

ಅದರಲ್ಲಿ ಇದ್ದವಳು ಒಬ್ಬಳೇ ಹೆಂಗಸು, ಹುಣಸೇಪಲ್ಲಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಆಂಜಿನಮ್ಮ. ಅವಳಿಗೆ ಒಂದೇ ಮಾತು. ಯಾರು ಏನೇ ಹೇಳಲಿ, ಎದ್ದು “ನನ್ನದೂ ಅದೇ ಅಭಿಪ್ರಾಯ” ಅನ್ನಬೇಕು. ಅವಳು ಏಳುವ ಮೊದಲೇ ಜನ ನಗುತ್ತಿದ್ದರು.

ಶಿಡ್ಲಘಟ್ಟದ ಆಟದ ದಿನ ಬೆಳಿಗ್ಗೆ, ಹುಣಸೇಪಲ್ಲಿಯ ಊರ ಬಾವಿಯಲ್ಲಿ ನೀರು ಸೇದುತ್ತಿದ್ದ ಅವಳ ಪಕ್ಕದ ಮನೆ ಗಂಗುಲಮ್ಮ ಜಾರಿ ಬಿದ್ದಳು. ಬಾವಿಯ ಕಟ್ಟೆ ಕುಸಿದು ಎಷ್ಟೋ ಕಾಲವಾಗಿತ್ತು. ನಾಲ್ಕಾಳು ಇಳಿದು ಅವಳನ್ನು ಮೇಲೆತ್ತಿದರು. ಕಾಲು ಮುರಿದಿತ್ತು. ಅವಳನ್ನು ಗಾಡಿಯಲ್ಲಿ ಮಲಗಿಸಿ ಕಳಿಸಿದ ಆಂಜಿನಮ್ಮ ಅಲ್ಲಿಂದಲೇ ಬಸ್ಸು ಹಿಡಿದಿದ್ದಳು.

ರಂಗದ ಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ದಿಂಬಿಗೆ ಹತ್ತಿಯೋ ಬೂರುಗವೋ ಅಂತ ವಾದ ಏರಿತು. ಅವಳ ಸರದಿ ಬಂತು. ಎದ್ದಳು. ಕಲಿತ ಮಾತು ಬಾಯಿಗೆ ಬರಲಿಲ್ಲ.

“ಅಧ್ಯಕ್ಷರೇ, ನಮ್ಮೂರ ಬಾವಿಗೆ ಕಟ್ಟೆ ಯಾವಾಗ ಕಟ್ಟಿಸ್ತೀರಿ?”

ಕೋನಪ್ಪ ಮೇಷ್ಟ್ರು ತಕ್ಷಣ ಕುರ್ಚಿಯ ಕೈ ಕುಟ್ಟಿ, “ಮೊದಲು ದಿಂಬು, ಆಮೇಲೆ ಬಾವಿ!” ಅಂದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಪರದೆ ಬಿದ್ದ ಮೇಲೆ ಮೇಷ್ಟ್ರು ಓಡಿ ಬಂದರು. “ಎಂಥಾ ಮಾತಮ್ಮ! ಇನ್ಮೇಲೆ ಪ್ರತಿ ಕಂತಲ್ಲೂ ಇರ್ಲಿ.”

“ಅದು ನಾಟಕದ ಮಾತಲ್ಲ ಮೇಷ್ಟ್ರೇ. ಗಂಗುಲಮ್ಮನ ಕಾಲು ಮುರಿದೈತೆ.”

“ಅಯ್ಯೋ ಪಾಪ. ಆದ್ರೂ ಜನ ಎಷ್ಟು ನಕ್ರು ನೋಡಿದ್ರಾ?”

ಮುಂದಿನ ವಾರ ಗೌರಿಬಿದನೂರಿನ ಆಟದಲ್ಲೂ ಅದನ್ನೇ ಕೇಳಿದಳು. ಅಲ್ಲಿನ ಜನ ಇನ್ನೂ ಜೋರಾಗಿ ನಕ್ಕರು. ವಾಪಸು ಬರುವಾಗ ಬಸ್ಸಿನಲ್ಲಿ ಆ ಸೀಟಿನಿಂದ ಈ ಸೀಟಿಗೆ, ಈ ಸೀಟಿನಿಂದ ಆ ಸೀಟಿಗೆ ಬದಲಾಯಿಸುತ್ತಲೇ ಇದ್ದಳು. ಚಿಕ್ಕಬಳ್ಳಾಪುರದ ಆಟಕ್ಕೆ ಹೋಗಲೇ ಇಲ್ಲ. ಡ್ರಿಲ್ ಮೇಷ್ಟ್ರಿಗೆ ಸೀರೆ ಉಡಿಸಿ ಅದೇ ಮಾತು ಹೇಳಿಸಿದರಂತೆ.

ಅವತ್ತು ಹುಣಸೇಪಲ್ಲಿಯ ಚಾವಡಿಯಲ್ಲಿ ಪಂಚಾಯಿತಿ ಸಭೆ ಕೂಡಿತ್ತು. ಆಂಜಿನಮ್ಮ ಅಲ್ಲಿಗೆ ಹೋಗಿ ನಿಂತಳು.

“ಓಹೋ, ಬೊಗಳೆರಾಷ್ಟ್ರದ ಮೆಂಬರಮ್ಮ!” ಅಂದ ಚೇರ್ಮನ್ ಆವಲಪ್ಪ. “ಬಾವಿ ಕಟ್ಟೇನಾ?” ಯಾರೋ ಹಿಂದಿನಿಂದ “ಮೊದಲು ದಿಂಬು!” ಎಂದು ಕೂಗಿದರು. ಚಾವಡಿಯೆಲ್ಲ ನಗು.

ಅವಳು ಸೆರಗನ್ನು ಮುಷ್ಟಿಯಲ್ಲಿ ಹಿಡಿದು, ಕೊನೆಯವನ ನಗು ನಿಲ್ಲುವ ತನಕ ಕಾದಳು. ಆಮೇಲೆ ಕಟ್ಟೆಯ ಮಾತು ಕೇಳಿದಳು.

“ನೋಡಣ, ಕೂತ್ಕೊಳಮ್ಮ.”

“ಕೂತ್ಕೊಳಲ್ಲಣ್ಣ. ಕಲ್ಲು ಯಾವಾಗ ಬರುತ್ತೆ?”

“ಹಬ್ಬ ಕಳೀಲಿ.”

“ಯಾವ ಹಬ್ಬ?”

ಆವಲಪ್ಪ ಅತ್ತಿತ್ತ ನೋಡಿದ. ಯಾರೂ ನಗಲಿಲ್ಲ. “ಯುಗಾದಿ,” ಅಂದ.

ಯುಗಾದಿ ಕಳೆದ ಮೇಲೆ ಕಲ್ಲೇನೋ ಬಂತು, ಅರ್ಧ ಸುತ್ತಿಗೆ ಮಾತ್ರ. ಉಳಿದರ್ಧಕ್ಕಾಗಿ ಆಂಜಿನಮ್ಮ ಪ್ರತಿ ಸಭೆಗೂ ಹೋದಳು. ಆಷಾಢದ ಹೊತ್ತಿಗೆ ಕೋಲೂರಿಕೊಂಡು ಗಂಗುಲಮ್ಮನೂ ಜೊತೆಗೆ ಬರತೊಡಗಿದಳು.